ನೆನೆದ ಮೊಬೈಲು, ಟಿವಿ: ಸ್ವಿಚ್ ಒತ್ತುವ ಆತುರ ಬೇಡ

ಪುಣೆಯವರಿಗೆ ನೆರೆ ಹೊಸತಲ್ಲ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದಾಗ ನದಿತೀರದ ಪೇಟೆಗಳು ಮುಳುಗಿದ್ದವು. ಆಗ ಮನೆಗಳಲ್ಲಿ ವಿದ್ಯುತ್ ಸಾಮಾನುಗಳು ಕಡಿಮೆ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ಬಿಟ್ಟ ನೀರು ಸಿಂಹಗಡ ರಸ್ತೆಯ ಏಕತಾ ನಗರಿಗೆ ನುಗ್ಗಿದಾಗ ಕಾಲ ಬದಲಾಗಿತ್ತು. ಈಗ ಫ್ರಿಜ್, ಟಿವಿ, ಲ್ಯಾಪ್‌ಟಾಪ್ ಇಲ್ಲದ ಮನೆ ಅಪರೂಪ.

ಅದೇ ದಿನ ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ನೀರಲ್ಲಿದ್ದ ತಳ್ಳುಗಾಡಿಯನ್ನು ಸರಿಸಲು ಹೋದ ಮೂವರು ವಿದ್ಯುತ್ ಆಘಾತಕ್ಕೆ ಬಲಿಯಾದರು. ಆದ್ದರಿಂದ ಜೀವ ಮೊದಲು, ಸಾಮಾನು ಆಮೇಲೆ. ನೀರು ಒಳಬರುವ ಮುನ್ನವೇ ಮೇನ್ ಸ್ವಿಚ್ ಆರಿಸಬೇಕು. ನೀರಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬಾರದು.

ಕೆಲವು ವರ್ಷಗಳ ಹಿಂದೆ ಬ್ಯಾಂಕಿನಿಂದ ಮನೆಗೆ ಬರುವಾಗ ನನ್ನ ಮೊಬೈಲು ಮಳೆಗೆ ತೊಯ್ದಿತು. ನಡೆಯುತ್ತದೆಯೇ ನೋಡೋಣವೆಂದು ಗುಂಡಿ ಒತ್ತಿದೆ. ಒಮ್ಮೆ ಬೆಳಗಿ ಆರಿತು. ತೀರಿಹೋದ ಅಮ್ಮನ ಕೊನೆಯ ಫೋಟೋಗಳೂ ಅದರೊಂದಿಗೆ ಹೋದವು. ರಿಪೇರಿಯವರು ಹೇಳಿದ್ದು ಇಷ್ಟೇ: "ಒತ್ತದೆ ತಂದಿದ್ದರೆ ಉಳಿಯುತ್ತಿತ್ತೇನೋ."

ಕಾರಣ ಸರಳ. ಕೆಸರು, ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಒಳಗೆ ಶಾರ್ಟ್ ಆಗಿ ಬಿಡಿಭಾಗಗಳು ಸುಡುತ್ತವೆ, ತಾಮ್ರದ ಗೆರೆಗಳು ಕಿಲುಬು ಹಿಡಿಯುತ್ತವೆ. ಆದ್ದರಿಂದ ನೆನೆದ ಫೋನನ್ನು ಕೂಡಲೇ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಸಿಮ್ ತೆಗೆದು, ಒರೆಸಿ, ಫ್ಯಾನ್ ಗಾಳಿಯಲ್ಲಿಡಿ. ಹೇರ್ ಡ್ರೈಯರ್, ಸುಡು ಬಿಸಿಲು ಬೇಡ. ಅಕ್ಕಿ ಡಬ್ಬವೂ ಬೇಡ. ಅಕ್ಕಿಯ ಸಣ್ಣ ಕಣಗಳು ಹಾನಿ ಮಾಡಬಹುದೆಂದು 2024ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿದೆ. ಕೆಸರು ನೀರು ಹೊಕ್ಕಿದ್ದರೆ ಒಣಗುವವರೆಗೆ ಕಾಯದೆ ರಿಪೇರಿಯವರಿಗೆ ಕೊಡಿ; ಅವರು ಬಿಚ್ಚಿ, ಆಲ್ಕೋಹಾಲಿನಿಂದ ತೊಳೆಯುತ್ತಾರೆ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಬೆಂಕಿ ಹತ್ತೀತು.

ಹೋಟೆಲ್ ನಡೆಸುವ ನಮ್ಮ ಬಂಧುಗಳು ಮಿಕ್ಸರ್, ಗ್ರೈಂಡರ್, ಫ್ರಿಜ್‌ಗಳನ್ನು ಹೊರಗೆ ಒಣಗಿದಂತೆ ಕಂಡರೂ ಎಲೆಕ್ಟ್ರಿಷಿಯನ್ ಪರೀಕ್ಷಿಸದೆ ಚಾಲೂ ಮಾಡಬಾರದು. ಲೆಕ್ಕಪತ್ರವಿರುವ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ತಾವೇ ಬಿಚ್ಚದೆ, ಮಾಹಿತಿ ಮರಳಿ ತೆಗೆಯುವ ತಜ್ಞರಿಗೆ ಕೊಡುವುದು ಲೇಸು. ವಿಮೆಯಿದ್ದರೆ ತೊಳೆಯುವ ಮುನ್ನ ಪ್ರತಿ ವಸ್ತುವಿನ ಫೋಟೋ, ಬಿಲ್ಲು, ಸೀರಿಯಲ್ ನಂಬರ್ ಇಟ್ಟುಕೊಳ್ಳಿ. ದಾಖಲೆಯಿಲ್ಲದ ಕ್ಲೇಮು ಕಷ್ಟ.

ಕೊನೆಗೊಂದು ಮಾತು. ಮಳೆಗಾಲಕ್ಕೆ ಮುನ್ನ ಕೊಡೆ ರಿಪೇರಿ ಮಾಡಿಸುತ್ತೇವಲ್ಲ, ಹಾಗೆಯೇ ಫೋನಿನ ಫೋಟೋಗಳ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡೋಣ. ಫೋನು ಮತ್ತೆ ಕೊಳ್ಳಬಹುದು, ಅಮ್ಮನ ಮುಖ ಕೊಳ್ಳಲಾಗದು.