ಗುಡ್ಡ ನಮ್ಮದು, ರೊಕ್ಕ ಅವರದು

ಒಂದು ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಬಂದಿರಬಹುದು. ಒಂದು ದೇಶದ ನೆಲದೊಳಗೆ ಕಬ್ಬಿಣ ಇದೆ, ತಾಮ್ರ ಇದೆ, ಎಣ್ಣೆ ಇದೆ. ಆದರೂ ಅದು ಬಡ ದೇಶ. ಇನ್ನೊಂದು ಶ್ರೀಮಂತ ದೇಶ ಅದಕ್ಕೆ ಕೋಟಿಗಟ್ಟಲೆ ನೆರವು ಕೊಡುತ್ತದೆ. ಇಷ್ಟೆಲ್ಲ ಇದ್ದವನು ಕೈ ಏಕೆ ಒಡ್ಡಬೇಕು? ಅವರಾದರೂ ಏಕೆ ಕೊಡಬೇಕು? ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಸಾಲದ ಕಾಗದಗಳನ್ನು ತಿರುವಿ ಹಾಕಿದ ಅನುಭವದಿಂದ, ನನಗೆ ತಿಳಿದ ಮಟ್ಟಿಗೆ ಇದನ್ನು ಇಂದು ಬಿಡಿಸಿ ಹೇಳುತ್ತೇನೆ.

ಮೊದಲು ನಮ್ಮ ಪೇಟೆಯನ್ನೇ ನೋಡೋಣ. ಅಕ್ಕಲಕೋಟ ತಾಲೂಕಿನ ರೈತ ತೊಗರಿ ಬೆಳೆದು ದುಧನಿಗೆ ಒಯ್ಯುತ್ತಾನೆ. ಉಳ್ಳಾಗಡ್ಡಿ ಬೆಳೆದವನು ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಗಾಡಿ ಹೂಡುತ್ತಾನೆ. ಅವನಿಗೆ ಭೂಮಿ ಇದೆ. ಆದರೆ ಬಿತ್ತುವ ಹೊತ್ತಿಗೆ ಬೀಜಕ್ಕೆ, ಗೊಬ್ಬರಕ್ಕೆ ಕೈಯಲ್ಲಿ ರೊಕ್ಕ ಇರುವುದಿಲ್ಲ. ಆಗ ಅಡತಿ ಅಂಗಡಿಯ ಸಾಹುಕಾರರು ಮುಂಗಡ ಕೊಡುತ್ತಾರೆ. ಕರಾರು ಇಷ್ಟೇ: ಮಾಲು ನಮ್ಮ ಅಂಗಡಿಗೇ ಬರಬೇಕು. ಇದರಲ್ಲಿ ಉಪಕಾರವೂ ಇದೆ, ವ್ಯಾಪಾರವೂ ಇದೆ. ದೇಶದೇಶಗಳ ನಡುವಿನ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ.

ಕನ್ನಡ ನಾಡಿನದೇ ಒಂದು ಉದಾಹರಣೆ ಕೊಡುತ್ತೇನೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಅಪಾರ. ಆದರೆ ಅದು ಕಡಿಮೆ ದರ್ಜೆಯ ಅದಿರು. ಪುಡಿ ಮಾಡಿ, ತೊಳೆದು, ಕಬ್ಬಿಣದ ಅಂಶವನ್ನು ಹೆಚ್ಚಿಸದೆ ಅದು ಮಾರಾಟಕ್ಕೆ ಬಾರದು. ಅದಕ್ಕೆ ಯಂತ್ರ ಬೇಕು, ವಿದ್ಯುತ್ ಬೇಕು, ಸಮುದ್ರದ ತನಕ ಸಾಗಿಸುವ ದಾರಿ ಬೇಕು. ಗುಡ್ಡದಲ್ಲಿರುವ ಅದಿರು ಪೆಟ್ಟಿಗೆಯಲ್ಲಿರುವ ರೊಕ್ಕ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಸಂಪತ್ತು ಇದ್ದ ದೇಶವೂ ಸಾಲ ಕೇಳುವುದು ಇದೇ ಕಾರಣಕ್ಕೆ.

1973ರಲ್ಲಿ ಎಣ್ಣೆಯ ಬೆಲೆ ಏಕಾಏಕಿ ಏರಿತು. ಇರಾನಿನ ಬೊಕ್ಕಸ ತುಂಬಿತು. ಎಣ್ಣೆ ಕೊಳ್ಳುವ ನಮಗೆ ಡಾಲರಿನ ತುಟಾಗ್ರತೆ ಆಯಿತು. ಇರಾನಿನ ದೊರೆ ಶಹಾ ಅವರಿಗೆ ತಮ್ಮ ದೇಶದಲ್ಲಿ ಉಕ್ಕಿನ ಕಾರ್ಖಾನೆ ಬೆಳೆಸುವ ಆಸೆ. ಅದಕ್ಕೆ ಅದಿರು ಬೇಕು. 1975ರ ನವೆಂಬರಿನಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಇಪ್ಪತ್ತು ವರ್ಷಕ್ಕೂ ಮಿಕ್ಕಿ 15 ಕೋಟಿ ಟನ್ ಅದಿರಿನ ಪುಡಿ ಕೊಳ್ಳುವುದು. 1976ರಲ್ಲಿ ಕುದುರೆಮುಖ ಕಂಪನಿ ಸ್ಥಾಪನೆಯಾಯಿತು. ಮಂಗಳೂರಿನ ಪಣಂಬೂರು ಬಂದರಿನವರೆಗೆ ಸುಮಾರು 67 ಕಿಲೋಮೀಟರ್ ಕೊಳವೆ ಹಾಕಿದರು. ಅದಿರಿನ ಪುಡಿ ನೀರಿನೊಡನೆ ಅದರಲ್ಲಿ ಹರಿದು ಬರುವ ಏರ್ಪಾಡು.

ಮುಂದೆ ಏನಾಯಿತು ನೋಡಿ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಹಾ ಪದಚ್ಯುತರಾದರು. ಇರಾನಿನಿಂದ ಬಂದದ್ದು 25.5 ಕೋಟಿ ಡಾಲರ್ ಮಾತ್ರ. ಉಳಿದ ಹಣವನ್ನು ನಮ್ಮ ಸರಕಾರವೇ ಹೊಂದಿಸಿ 1980ರಲ್ಲಿ ಕೆಲಸ ಮುಗಿಸಿತು. ಕಾರ್ಖಾನೆ ಸಿದ್ಧ, ಆದರೆ ಕೊಳ್ಳುವ ಗಿರಾಕಿ ಇಲ್ಲ! ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಬೇಕಾಯಿತು. ಪುಡಿಯನ್ನು ಉಂಡೆ ಕಟ್ಟುವ ಘಟಕ 1987ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಒಬ್ಬನೇ ಸಾಹುಕಾರ, ಒಬ್ಬನೇ ಗಿರಾಕಿ ಎಂದು ನಂಬಿದರೆ ಆಗುವ ಫಜೀತಿ ಇದು.

ಕೊಡುವವರ ಕಾರಣಗಳು ಇದೊಂದೇ ಅಲ್ಲ. ನಾಲ್ಕು ಬಗೆ ಎನ್ನಬಹುದು.

ಮೊದಲನೆಯದು ಕಚ್ಚಾ ಮಾಲು. ಇರಾನಿನ ಕಥೆ ಈಗಷ್ಟೇ ಕೇಳಿದಿರಿ.

ಎರಡನೆಯದು ತಮ್ಮ ಮಾಲಿಗೆ ಮಾರುಕಟ್ಟೆ. ಸಾಲ ಕೊಡುವಾಗಲೇ “ಯಂತ್ರಗಳನ್ನು ನಮ್ಮ ದೇಶದಿಂದಲೇ ಕೊಳ್ಳಿರಿ” ಎಂಬ ಷರತ್ತು ಹಾಕುವುದುಂಟು. ಆಗ ಕೊಟ್ಟ ಹಣ ಅವರ ಕಾರ್ಖಾನೆಗೇ ಮರಳುತ್ತದೆ. ಸಾಲ ಮಾತ್ರ ನಮ್ಮ ಖಾತೆಯಲ್ಲಿ ಉಳಿಯುತ್ತದೆ. ಜಪಾನ್ ದೇಶ ತನ್ನ ಮೊಟ್ಟಮೊದಲ ಯೆನ್ ಸಾಲವನ್ನು 1958ರಲ್ಲಿ ಕೊಟ್ಟದ್ದು ಭಾರತಕ್ಕೇ. ಯುದ್ಧದಲ್ಲಿ ಸೋತು ಮತ್ತೆ ಕಟ್ಟಿಕೊಳ್ಳುತ್ತಿದ್ದ ಆ ದೇಶಕ್ಕೆ ತನ್ನ ಯಂತ್ರಗಳಿಗೆ ಗಿರಾಕಿ ಬೇಕಿತ್ತು, ಅದಿರೂ ಬೇಕಿತ್ತು.

ಮೂರನೆಯದು ಸ್ನೇಹ ಮತ್ತು ರಾಜಕಾರಣ. ರಷ್ಯಾ ನಮಗೆ ಭಿಲಾಯಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಲು ಶೇಕಡಾ ಎರಡೂವರೆ ಬಡ್ಡಿಯಲ್ಲಿ ಸಾಲ ಕೊಟ್ಟಿತು. ಅತ್ತ ರೂರ್ಕೆಲಾಕ್ಕೆ ಜರ್ಮನಿ, ದುರ್ಗಾಪುರಕ್ಕೆ ಬ್ರಿಟನ್ ಮುಂದೆ ಬಂದವು. ಆಗ ಜಗತ್ತು ಎರಡು ಪಕ್ಷವಾಗಿತ್ತು. ಇಬ್ಬರಿಗೂ ನಮ್ಮ ಗೆಳೆತನ ಬೇಕಾಗಿತ್ತು.

ನಾಲ್ಕನೆಯದು ಕರುಣೆ. ಇದನ್ನು ಅಲ್ಲಗಳೆಯಬಾರದು. 1965-66ರ ಬರಗಾಲದಲ್ಲಿ ಅಮೆರಿಕದ ಗೋಧಿ ಬರದಿದ್ದರೆ ಎಷ್ಟೋ ಮನೆಗಳ ಒಲೆ ಉರಿಯುತ್ತಿರಲಿಲ್ಲ. ಆದರೆ ಅಲ್ಲಿಯೂ ಅವರ ರೈತರ ಹೆಚ್ಚುವರಿ ಗೋಧಿ ಖರ್ಚಾಯಿತು ಎಂಬುದು ನಿಜ. ಆ ಗೋಧಿಯ ಬೆಲೆಯನ್ನು ನಾವು ರೂಪಾಯಿಯಲ್ಲಿ ಕಟ್ಟುತ್ತಿದ್ದೆವು. ಆ ರೂಪಾಯಿಗಳು ಇಲ್ಲಿಯೇ ಬೆಳೆದು ಗುಡ್ಡವಾದವು. ಕೊನೆಗೆ 1974ರಲ್ಲಿ ಅಮೆರಿಕ ಅದರ ದೊಡ್ಡ ಪಾಲನ್ನು ಬಿಟ್ಟುಕೊಟ್ಟಿತು. ರಾಯಭಾರಿ ಮೊಯ್ನಿಹನ್ ಅವರು 1,664 ಕೋಟಿ ರೂಪಾಯಿಯ ಒಂದೇ ಚೆಕ್ಕನ್ನು ನಮ್ಮ ಸರಕಾರಕ್ಕೆ ಒಪ್ಪಿಸಿದರು. ಬ್ಯಾಂಕಿನವರು ಬಾಯಿ ಬಿಟ್ಟು ನೋಡುವಂಥ ಚೆಕ್ಕು ಅದು!

ಇನ್ನು ನಾವೂ ಕೊಡುವವರಾಗಿದ್ದೇವೆ. ಭೂತಾನದ ಚುಖಾ ಜಲವಿದ್ಯುತ್ ಯೋಜನೆ 336 ಮೆಗಾವಾಟಿನದು. ಅದಕ್ಕೆ ಹಣ ಹಾಕಿದ್ದು ಭಾರತ: ನೂರಕ್ಕೆ 60 ಪಾಲು ಅನುದಾನ, 40 ಪಾಲು ಸಾಲ. ತನಗೆ ಮಿಕ್ಕ ವಿದ್ಯುತ್ತನ್ನು ಭೂತಾನ ನಮಗೆ ಮಾರುತ್ತದೆ. ಅವರಿಗೆ ವರಮಾನ, ನಮಗೆ ಬೆಳಕು. ಕರಾರು ನ್ಯಾಯವಾಗಿದ್ದರೆ ಇಬ್ಬರೂ ಬದುಕಬಹುದು ಎಂಬುದಕ್ಕೆ ಇದು ಸಾಕ್ಷಿ.

ಮತ್ತೆ ಕುದುರೆಮುಖಕ್ಕೆ ಬರೋಣ. ಅಲ್ಲಿ ಜನರಿಗೆ ಕೆಲಸ ಸಿಕ್ಕಿತು, ಊರು ಬೆಳೆಯಿತು, ದೇಶಕ್ಕೆ ವಿದೇಶಿ ಹಣ ಬಂತು. ಆದರೆ ಅದು ಭದ್ರಾ ನದಿ ಹುಟ್ಟುವ ದಟ್ಟ ಕಾಡು. ಕಾಡು, ನದಿಗಳ ಹಾನಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಸಾಲದ ಕಾಗದದಲ್ಲಿ ಬಡ್ಡಿಗೆ ಒಂದು ಕಾಲಂ ಇರುತ್ತದೆ, ಕಂತಿಗೆ ಒಂದು ಕಾಲಂ ಇರುತ್ತದೆ. ನದಿಗೆ ಕಾಲಂ ಇರುವುದಿಲ್ಲ. ತೊಗರಿ ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ. ಅದಿರು ಒಂದು ಸಲ ಹೋದರೆ ಹೋಯಿತು.

ಆದ್ದರಿಂದ ಬಾಂಧವರೆ, ನೆರವು ಎಂಬ ಮಾತು ಪತ್ರಿಕೆಯಲ್ಲಿ ಕಂಡಾಗ ಐದು ಪ್ರಶ್ನೆ ಕೇಳಿಕೊಳ್ಳಿರಿ. ಇದು ಅನುದಾನವೋ, ಸಾಲವೋ? ಬಡ್ಡಿ ಎಷ್ಟು, ಯಾವ ನಾಣ್ಯದಲ್ಲಿ ತೀರಿಸಬೇಕು? ಯಂತ್ರವನ್ನು ಯಾರಿಂದ ಕೊಳ್ಳಬೇಕು? ಮಾಲನ್ನು ಯಾರಿಗೆ ಮಾರಬೇಕು? ಎಲ್ಲ ಮುಗಿದ ಮೇಲೆ ಆ ಊರಿನಲ್ಲಿ ಏನು ಉಳಿಯುತ್ತದೆ? ಊರಿಗೆ ಕಂಪನಿಯವರು ಬಂದು ಭೂಮಿ ಕೇಳಿದಾಗಲೂ, ಅಡತಿಯವರು ಮುಂಗಡ ಕೊಡಲು ಬಂದಾಗಲೂ ಇವೇ ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ. ಕೊಡುವವರನ್ನು ಸಂಶಯದಿಂದ ನೋಡಬೇಕಾಗಿಲ್ಲ. ಕಾಗದ ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ಪೂರ್ತಿ ಓದಿಸಿಕೊಂಡು, ತಿಳಿದುಕೊಂಡು ಆಮೇಲೆ ಸಹಿ ಹಾಕಿದರೆ ಸಾಕು.