ಗುಂಡಿಯ ಪಂಪು, ಕಾಣದ ಕರೆಂಟು

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತಗ್ಗು ಜಾಗಗಳಲ್ಲಿ ಆಟಿಯ ಹೊತ್ತಿಗೆ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ಅಂತರ್ಜಲ ನೆಲಮಟ್ಟದ ಸಮೀಪಕ್ಕೇರುತ್ತದೆ. ಮುರಕಲ್ಲಿನ ರಂಧ್ರಗಳಿಂದ ಒಸರಿದ ನೀರು ನೆಲಮಾಳಿಗೆಗಳಲ್ಲಿ ನಿಲ್ಲುತ್ತದೆ. ಪರಿಹಾರ ಸರಳ: ಅತಿ ತಗ್ಗಿನ ಮೂಲೆಯಲ್ಲೊಂದು ಗುಂಡಿ, ಅದರೊಳಗೆ ಸಬ್‌ಮರ್ಸಿಬಲ್ ಪಂಪು. ನೀರು ಏರಿದಾಗ ಫ್ಲೋಟ್ ಸ್ವಿಚ್ ತೇಲಿ ಪಂಪನ್ನು ತಾನಾಗಿಯೇ ಚಾಲೂ ಮಾಡುತ್ತದೆ. ಹೊರಹೋದ ನೀರು ಮರಳದಂತೆ ಪೈಪಿನಲ್ಲಿ ಏಕಮುಖ ವಾಲ್ವ್ ಇರಬೇಕು.

ಆದರೆ ಕೇಬಲ್ಲಿನ ಹೊದಿಕೆ ಸವೆದರೆ? ನೀರಿಗೇ ಕರೆಂಟು ಹರಿಯುತ್ತದೆ. ಬರಿಗಾಲಲ್ಲಿ ಇಳಿದವರಿಗೆ ಅಪಾಯ. ಫ್ಯೂಸು ಕಾಯುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ದೇಹದಲ್ಲಿ ಹರಿದ 0.1 ಆಂಪಿಯರ್ ಪ್ರಾಣ ತೆಗೆಯಬಲ್ಲದು. ಅಷ್ಟಕ್ಕೆ 5 ಆಂಪಿಯರ್ ಫ್ಯೂಸು ಕರಗದು. ಇಲ್ಲಿ ಬೇಕಾದುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೋಗುವ ಮತ್ತು ಮರಳುವ ಕರೆಂಟನ್ನು ಅದು ಸದಾ ಹೋಲಿಸುತ್ತದೆ. ಸೋರಿಕೆಯಿಂದ ಅವುಗಳಲ್ಲಿ ಅಂತರ ಬಂದರೆ, ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ.

ಸರಿಯಾದ ಅರ್ಥಿಂಗ್, ಗುಂಡಿಗೆ ಗಟ್ಟಿ ಮುಚ್ಚಳ, ನೀರು ತಲುಪದ ಎತ್ತರದಲ್ಲಿ ಸ್ವಿಚ್ಚು, ಇವೂ ಅಗತ್ಯ. ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಗೇ ಬಿಡಿ. ಮಳೆಗಾಲಕ್ಕೆ ಮೊದಲು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಪಂಪು ನಿಂತರೆ, ಮೇನ್ ಸ್ವಿಚ್ ಆರಿಸದೆ ನೀರಿಗೆ ಕೈ ಹಾಕಬೇಡಿ.