ಡಿಸ್ಕ್ ಹಾಕಿದರೂ ಏಳದ ಕಂಪ್ಯೂಟರ್

ಸ್ವಿಚ್ ಒತ್ತಿದೊಡನೆ ಕಂಪ್ಯೂಟರಿನಲ್ಲಿ ಮೊದಲು ಎಚ್ಚರಾಗುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ. ಅದು ಮೆಮೊರಿ, ಕೀಬೋರ್ಡುಗಳನ್ನು ತಡವಿ ನೋಡಿ, ಆಮೇಲೆ ತನ್ನಲ್ಲಿರುವ ಪಟ್ಟಿಯ ಪ್ರಕಾರ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಪೆನ್‌ಡ್ರೈವ್‌ಗಳನ್ನು ಒಂದೊಂದಾಗಿ ವಿಚಾರಿಸುತ್ತದೆ. ಬೂಟ್ ಆಗುವ ಸರಕು ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಯಜಮಾನಿಕೆ ಒಪ್ಪಿಸಿಬಿಡುತ್ತದೆ. ಸಿಡಿ, ಡಿವಿಡಿ ಡಿಸ್ಕುಗಳಲ್ಲಿ ಅದು ಎಲ್ಲಿ ಹುಡುಕಬೇಕೆಂಬುದೂ ಗೊತ್ತುಮಾಡಿದ್ದೇ. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ರೂಪಿಸಿದ ‘ಎಲ್ ಟೊರಿಟೊ’ ನಿಯಮದಂತೆ, 2048 ಬೈಟುಗಳ ಸೆಕ್ಟರ್‌ಗಳನ್ನು ಸೊನ್ನೆಯಿಂದ ಎಣಿಸಿದರೆ 17ನೆಯದರಲ್ಲಿ ಬೂಟ್ ಗುರುತು ಇರಬೇಕು. ಅಲ್ಲಿ ಗುರುತಿಲ್ಲದಿದ್ದರೆ ಡಿಸ್ಕಿನಲ್ಲಿ ಬೇರೇನೇ ತುಂಬಿದ್ದರೂ ಬಯೋಸ್ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಹೀಗಾಗಿ ತಪ್ಪು ಹೆಚ್ಚಾಗಿ ಇರುವ ಜಾಗ ಮೂರು: ಸರದಿಯ ಪಟ್ಟಿ, ಡಿಸ್ಕ್, ಡ್ರೈವ್. ಅದೇ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಅರ್ಧ ಅನುಮಾನ ಅಲ್ಲೇ ಪರಿಹಾರ. ಅಲ್ಲಿ ಬೂಟ್ ಆದರೆ ಡಿಸ್ಕ್ ನಿರಪರಾಧಿ.

ಸರದಿ ಬದಲಿಸಲು ಬಯೋಸ್ ಒಳಗೆ ಹೋಗಲೇಬೇಕೆಂದಿಲ್ಲ. ಆನ್ ಆಗುತ್ತಿರುವಾಗಲೇ ಬೂಟ್ ಮೆನುವಿನ ಕೀಲಿ ಒತ್ತಿದರೆ ಆ ಒಂದು ಸಲಕ್ಕೆ ಮಾತ್ರ ಡ್ರೈವ್ ಆರಿಸಿಕೊಳ್ಳಬಹುದು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ವಿಂಡೋಸ್ ಡಿಸ್ಕಿನದು ಇನ್ನೊಂದು ಕಿತಾಪತಿ: ಯಾವುದಾದರೂ ಕೀಲಿ ಒತ್ತಿ ಎಂಬ ಒಂದು ಸಾಲು ಕೆಲವೇ ಸೆಕೆಂಡು ತೋರಿ ಮಾಯವಾಗುತ್ತದೆ. ಒತ್ತದಿದ್ದರೆ ಕಂಪ್ಯೂಟರ್ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಡಿಸ್ಕೇ ಕೆಟ್ಟಿದೆ ಎಂದು ಎಸೆಯುವವರಲ್ಲಿ ಈ ಸಾಲನ್ನು ಗಮನಿಸದವರೂ ಇದ್ದಾರೆ. ಹೊಸ ಯಂತ್ರಗಳಲ್ಲಿ ಬಯೋಸ್ ಬದಲು ಯುಇಎಫ್‌ಐ ಇರುತ್ತದೆ. ಅದರ ‘ಸೆಕ್ಯೂರ್ ಬೂಟ್’ ಚಾಲೂ ಇದ್ದರೆ ಹಳೆಯ ಡಿಸ್ಕುಗಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ.

ಮನೆಯಲ್ಲೇ ರೈಟ್ ಮಾಡಿದ ಡಿಸ್ಕಾದರೆ ಮೊದಲು ಅದನ್ನು ತೆರೆದು ನೋಡಬೇಕು. ಒಳಗೆ ‘.ಐಎಸ್‌ಒ’ ಎಂದು ಕೊನೆಗೊಳ್ಳುವ ಒಂದೇ ಒಂದು ಕಡತ ಕಂಡರೆ ಕಥೆ ಮುಗಿಯಿತು: ಇಮೇಜ್ ಆಗಿ ಇಳಿಸಬೇಕಾದದ್ದನ್ನು ಹಾಡಿನ ಫೈಲಿನಂತೆ ನಕಲು ಮಾಡಲಾಗಿದೆ, 17ನೆಯ ಸೆಕ್ಟರಿನಲ್ಲಿ ಗುರುತು ಬಿದ್ದಿಲ್ಲ. ಗಾತ್ರದ ಲೆಕ್ಕವೂ ಉಂಟು. ಸಿಡಿಗೆ 700 ಎಂಬಿ, ಒಂದು ಪದರದ ಡಿವಿಡಿಗೆ 4.7 ಜಿಬಿ ಹಿಡಿಯುತ್ತದೆ. ವಿಂಡೋಸ್ 11 ಅಷ್ಟರಲ್ಲಿ ಕೂರುವುದಿಲ್ಲ. ಅದು 64 ಬಿಟ್‌ನದು ಮಾತ್ರ, 32 ಬಿಟ್‌ನ ಹಳೆಯ ಪ್ರೊಸೆಸರಿನಲ್ಲಿ ನಡೆಯುವುದೂ ಇಲ್ಲ.

ಇಷ್ಟೆಲ್ಲ ಸರಿ ಇದ್ದೂ ಏಳದಿದ್ದರೆ ಊರಿನ ಹವೆಯ ಕಡೆ ನೋಡಬೇಕಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1434 ಮೀಟರ್ ಎತ್ತರದಲ್ಲಿದೆ. ಮಳೆಗಾಲದಲ್ಲಿ ಮಂಜು ಕಿಟಕಿಯಿಂದಲೇ ಒಳಕ್ಕೆ ಬರುವಂಥ ಇಂಥ ಕಡೆ ಡ್ರೈವಿನ ಲೆನ್ಸ್ ತೇವ ಹಿಡಿಯುತ್ತದೆ, ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಬೂಷ್ಟು ಕಟ್ಟುತ್ತದೆ. ರಾತ್ರಿ ತಣ್ಣಗಾದ ಡ್ರೈವಿಗೆ ಬೆಚ್ಚನೆಯ ಕೋಣೆಯ ಗಾಳಿ ತಗುಲಿದರೂ ಲೆನ್ಸಿನ ಮೇಲೆ ಸಣ್ಣ ಹನಿ ಕೂರುತ್ತದೆ. ಆಗ ಡಿಸ್ಕ್ ಹಾಕದೆ ಒಂದು ಗಂಟೆ ಕಂಪ್ಯೂಟರನ್ನು ಆನ್ ಮಾಡಿ ಬಿಟ್ಟರೆ ಸಾಕು. ಅದೇ ಜಿಲ್ಲೆಯ ಪೂರ್ವಕ್ಕೆ, ಕಡೂರು–ಅಜ್ಜಂಪುರದ ಬಯಲಿಗೆ ಇಳಿದರೆ ತೇವದ ಜಾಗದಲ್ಲಿ ದೂಳು. ಲ್ಯಾಪ್‌ಟಾಪಿನ ಟ್ರೇ ಎಳೆದರೆ ಲೆನ್ಸೂ ಹೊರಬರುತ್ತದೆ, ಕೊತ್ತಂಬರಿ ಬೀಜದಷ್ಟು ಗಾತ್ರದ ಹೊಳೆಯುವ ಗಾಜು. ಪವರ್ ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯಿಂದ ಒತ್ತದೆ ಒರೆಸಬೇಕು. ಡಿಸ್ಕನ್ನಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಿಸಿ ಅಲ್ಲ. ಸಿಡಿ ಓದುವ ಲೇಸರಿನ ತರಂಗಾಂತರ 780 ನ್ಯಾನೊಮೀಟರ್, ಡಿವಿಡಿಯದು 650. ಆದ್ದರಿಂದ ಡ್ರೈವ್ ಸಿಡಿ ಓದಿತೆಂದ ಮಾತ್ರಕ್ಕೆ ಡಿವಿಡಿಯನ್ನೂ ಓದುತ್ತದೆಂದು ನಂಬುವಂತಿಲ್ಲ. ಬಯೋಸ್ ಪಟ್ಟಿಯಲ್ಲಿ ಡ್ರೈವಿನ ಹೆಸರೇ ಕಾಣದಿದ್ದರೆ ಲೆನ್ಸಿನ ಗೋಜು ಬೇಡ, ಸಾಟಾ ಕೇಬಲ್ ಸಡಿಲವಾಗಿದೆಯೇ ನೋಡಬೇಕು.

ಮಲೆನಾಡಿನ ಇನ್ನೊಂದು ಸಂಗತಿ ಸಿಡಿಲು. ಗುಡುಗಿದೊಡನೆ ಪ್ಲಗ್ ಕಿತ್ತಿಡುವುದು ಅಲ್ಲಿ ರೂಢಿ, ಒಳ್ಳೆಯ ರೂಢಿಯೇ. ಆದರೆ ಪ್ಲಗ್ ಕಿತ್ತಷ್ಟು ಹೊತ್ತೂ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ 3 ವೋಲ್ಟಿನ ಸಿಆರ್2032 ಬಟನ್ ಸೆಲ್. ಅದು ಸತ್ತರೆ ತಾರೀಕು ಹಿಂದಿನ ಯಾವುದೋ ವರ್ಷದ ಜನವರಿ 1ಕ್ಕೆ ಬೀಳುತ್ತದೆ. ಹಳೆಯ ಮದರ್‌ಬೋರ್ಡುಗಳಲ್ಲಿ ಬೂಟ್ ಸರದಿಯೂ ಕಾರ್ಖಾನೆಯ ಪಟ್ಟಿಗೆ ಮರಳುತ್ತದೆ. ನಿನ್ನೆ ಸಂಜೆ ಡಿಸ್ಕಿನಿಂದ ಎದ್ದ ಯಂತ್ರ ಇಂದು ಬೆಳಿಗ್ಗೆ ಏಳದಿದ್ದರೆ ಮೊದಲು ತಾರೀಕು ನೋಡಬೇಕು. ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಡಿಸ್ಕುಗಳ ಕಾಲವೂ ಮುಗಿಯುತ್ತ ಬಂದಿದೆ. ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆಯ ಸಿಡಿಗಳನ್ನು ಬೇಡಿದವರ ಮನೆಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದ ಯೋಜನೆ 2011ರಲ್ಲಿ ನಿಂತಿತು. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇಲ್ಲ. ಡ್ರೈವ್ ಕೈಕೊಟ್ಟರೆ ಅದೇ ಐಎಸ್‌ಒ ಕಡತವನ್ನು ‘ರೂಫಸ್’ನಂಥ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದೇ ಸುಲಭ. ಪೆನ್‌ಡ್ರೈವಿನಲ್ಲಿದ್ದುದೆಲ್ಲ ಆಗ ಅಳಿಸಿಹೋಗುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಏಳುವ ಪೆನ್‌ಡ್ರೈವಿನಿಂದಲೂ ಈ ಕಂಪ್ಯೂಟರ್ ಏಳದಿದ್ದರೆ ಅನುಮಾನ ಡ್ರೈವನ್ನು ಬಿಟ್ಟು ಮೆಮೊರಿ ಚಿಪ್ಪುಗಳ ಕಡೆಗೆ ಹೋಗುತ್ತದೆ. ಆಗ ಅವುಗಳನ್ನು ಒಂದೊಂದಾಗಿ ತೆಗೆದು ಹಾಕಿ ಪರೀಕ್ಷಿಸಬೇಕು.